ಅರ್ಧ ತಾಸಿನ ಅಂತರ

ಜೂನ್ ತಿಂಗಳ ಒಂದು ಬೆಳಗು, ಐದೂವರೆ ಗಂಟೆ. ಸ್ಯಾನ್ ಫ್ರಾನ್ಸಿಸ್ಕೋ ನಗರದ ಪಶ್ಚಿಮದ ಅಂಚಿಗಿರುವ ಓಷನ್ ಬೀಚ್. ರಸ್ತೆಗೂ ಮರಳಿಗೂ ನಡುವಿನ ತಡೆಗೋಡೆಯ ಮೇಲೆ ಇಬ್ಬರು ಕೂತಿದ್ದಾರೆ. ಒಬ್ಬರು ಕುಮಟಾದ ಹೈಸ್ಕೂಲಿನಲ್ಲಿ 31 ವರ್ಷ ಭೂಗೋಳ ಕಲಿಸಿ ನಿವೃತ್ತರಾದ ಹಿರಿಯರು. ಬೆಂಗಳೂರಿನಿಂದ ಎಲ್ಲಿಯೂ ನಿಲ್ಲದ ವಿಮಾನದಲ್ಲಿ ಬಂದಿಳಿದು ಅವರಿಗೆ ಇದು ಮೂರನೆಯ ದಿನ. ಇನ್ನೊಬ್ಬಳು ಅವರ ತಮ್ಮನ ಮಗಳು. ಈ ಊರಿಗೆ ಬಂದು ಹದಿನಾಲ್ಕು ವರ್ಷವಾಗಿದೆ, ಆಸ್ಪತ್ರೆಯ ಲ್ಯಾಬಿನಲ್ಲಿ ರಾತ್ರಿ ಪಾಳಿಯ ಕೆಲಸ, ಈ ವಾರ ರಜೆ. ನಡುವೆ ಚಹಾದ ಫ್ಲಾಸ್ಕು. ಎದುರಿಗೆ ದಟ್ಟ ಮಂಜು. ಸಮುದ್ರ ಕೇಳಿಸುತ್ತಿದೆ, ಕಾಣಿಸುತ್ತಿಲ್ಲ.

ಹಿರಿಯರು: ಇವತ್ತೂ ಎರಡು ಗಂಟೆಗೇ ಎಚ್ಚರವಾಯಿತು ನೋಡು. ಊರೆಲ್ಲ ಮಲಗಿದೆ, ನನ್ನ ಹೊಟ್ಟೆ ಮಾತ್ರ ಊಟದ ಹೊತ್ತು ಮೀರಿತು ಅಂತ ಜಗಳ ತೆಗೆದಿದೆ.

ಕಿರಿಯಳು: ನಿನ್ನೆ ಮಧ್ಯಾಹ್ನ ಮೂರು ತಾಸು ಮಲಗಿಬಿಟ್ಟಿರಲ್ಲ ದೊಡ್ಡಪ್ಪ, ಅದರ ಫಲ. ಇಳಿದ ದಿನವೇ ಹೇಳಿದ್ದೆ. ಇಲ್ಲಿಯ ಹೊತ್ತಿಗೆ ಉಣ್ಣಬೇಕು, ಇಲ್ಲಿಯ ಹೊತ್ತಿಗೇ ಮಲಗಬೇಕು. ಕಣ್ಣು ಎಳೆದರೂ ಬೆಳಕಿನಲ್ಲಿ ನಡೀಬೇಕು. ನಾಲ್ಕು ದಿನ ಹಟ ಹಿಡಿದರೆ ದೇಹ ಮಾತು ಕೇಳ್ತದೆ.

ಹಿರಿಯರು: ಯಾಕೆ ಹಟ ಹಿಡೀಬೇಕು? ನನಗೆ ಇಲ್ಲಿ ಏನು ಗಡಿಬಿಡಿ ಇದೆ? ದೇಹ ಇನ್ನೂ ಕುಮಟಾದಲ್ಲಿದೆ, ದಾರಿಯಲ್ಲಿದೆ. ಬರ್ತದೆ. ಬರಲಿಕ್ಕೆ ಅದಕ್ಕೂ ಹೊತ್ತು ಬೇಕಲ್ಲ.

ಕಿರಿಯಳು: ದೇಹವೇ ಅಲ್ಲವಾ ಇಲ್ಲಿ ಕೂತು ಚಹಾ ಕುಡೀತಿರೋದು?

ಹಿರಿಯರು: ಇದು ಸಾಮಾನು. ಚೀಲದ ಜೊತೆ ಬಂದದ್ದು. ನಾನು ಹೇಳೋದು ಬೇರೆ. ಕುಮಟಾದಿಂದ ಬೆಂಗಳೂರಿಗೆ ಬೇಕೆಂದೇ ಹಗಲು ಬಸ್ಸಿನಲ್ಲಿ ಬಂದೆ. ದೇವಿಮನೆ ಘಟ್ಟ ಹತ್ತುವಾಗ ಕಿವಿ ಗುಂಯ್ ಅಂದಿತು, ಗಾಳಿ ತಣ್ಣಗಾಯಿತು. ಶಿರಸಿಯ ಅಡಿಕೆ ತೋಟ ಮುಗಿದು ಹಾವೇರಿ ಕಡೆ ಬಯಲು ಬಿಚ್ಚಿಕೊಂಡಿತು. ಮಣ್ಣು ಕೆಂಪು ಇದ್ದದ್ದು ಕಪ್ಪಾಯಿತು, ಮಾತಿನ ಧಾಟಿ ಬದಲಾಯಿತು. ಆ ದಾರಿಯ ಪ್ರತಿ ತಾಸಿನ ಲೆಕ್ಕ ನನ್ನ ಹತ್ತಿರ ಇದೆ. ಆಮೇಲಿನ ಹದಿನಾರು ತಾಸಿನ ಲೆಕ್ಕ ಇಲ್ಲ. ಸುಮಾರು 14,000 ಕಿಲೋಮೀಟರು, ಭೂಮಿಯ ಸುತ್ತಳತೆಯ ಮೂರನೇ ಒಂದು ಭಾಗ. ಒಂದು ಕುರ್ಚಿಯಲ್ಲಿ ಕೂತು ಕಳೆದುಬಿಟ್ಟೆ. ಇನ್ನೊಂದು ಹೇಳ್ತೇನೆ, ಯಾರಿಗೂ ಹೇಳಿಲ್ಲ. 180 ಡಿಗ್ರಿ ರೇಖಾಂಶದ ಆಸುಪಾಸಿನ ದಿನಾಂಕ ರೇಖೆಯನ್ನು 31 ವರ್ಷ ಹಲಗೆಯ ಮೇಲೆ ಬರೆದು ಕಲಿಸಿದವ ನಾನು. ಅದನ್ನು ದಾಟುವಾಗ ಎಚ್ಚರ ಇರಬೇಕು ಅಂತ ಆಸೆ ಇತ್ತು. ಕಿಟಕಿಯ ಪರದೆ ಎಳೆಸಿದ್ದರು, ದೀಪ ಆರಿಸಿದ್ದರು. ಎಚ್ಚರವಾದಾಗ ದಾಟಿ ಎರಡು ತಾಸಾಗಿತ್ತು.

ಕಿರಿಯಳು: ಅಯ್ಯೋ ದೊಡ್ಡಪ್ಪ. ಇದನ್ನು ಮೊನ್ನೆಯೇ ಹೇಳಬಾರದಿತ್ತಾ?

ಹಿರಿಯರು: ಹೇಳಿ ಏನು ಮಾಡೋದು? ಮಧ್ಯಾಹ್ನ ಎರಡೂವರೆಗೆ ಹೊರಟೆ. ಹದಿನಾರು ತಾಸು ಹಾರಿದೆ. ಇಳಿದಾಗ ಅದೇ ದಿನದ ಸಂಜೆ ಆರು. ಗಡಿಯಾರದ ಲೆಕ್ಕದಲ್ಲಿ ನನ್ನ ಪ್ರಯಾಣ ಮೂರೂವರೆ ತಾಸು. ರಾತ್ರಿ ಎಂಟೂವರೆವರೆಗೆ ಬೆಳಕು ಬೇರೆ. ನಡುವೆ ಒಂದು ರಾತ್ರಿ ಕಳೆದುಹೋಯಿತು ತಂಗಿ. ಅದನ್ನು ಎಲ್ಲಿ ಹುಡುಕೋದು ಹೇಳು.

ಕಿರಿಯಳು: ಹಿಂದಿರುಗಿ ಹೋಗುವಾಗ ಸಿಗ್ತದೆ. ಇಲ್ಲಿಂದ ಹೊರಟವರು ಊರು ಮುಟ್ಟುವಾಗ ಕ್ಯಾಲೆಂಡರಿನಲ್ಲಿ ಎರಡು ದಿನ ಮುಂದೆ ಹೋಗಿರ್ತದೆ. ಆದರೆ ದೊಡ್ಡಪ್ಪ, ನೀವು ದಾರಿಯನ್ನು ಬಹಳ ದೊಡ್ಡದು ಮಾಡ್ತೀರಿ ಅನ್ನಿಸ್ತದೆ. ನನಗೆ ದಾರಿ ಬೇಡ. ದಾರಿ ಎಷ್ಟು ಬೇಗ ಮುಗಿದರೆ ಅಷ್ಟು ಒಳ್ಳೇದು. 2021ರ ಜನವರಿಯಲ್ಲಿ ಇಲ್ಲಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ಹೋಯಿತು. ಚಾಲಕರ ಕೋಣೆಯಲ್ಲಿ ಇದ್ದವರೆಲ್ಲ ಹೆಂಗಸರು, ಉತ್ತರ ಧ್ರುವದ ಮೇಲಿಂದ ಹಾರಿಸಿಕೊಂಡು ಹೋದರು. ಆ ಸುದ್ದಿ ಬಂದ ದಿನ ಈ ಊರಿನ ಕನ್ನಡದವರ ಮನೆಯಲ್ಲೆಲ್ಲ ಅದೇ ಮಾತು. ಪಾರ್ಕಿನಲ್ಲಿ ಒಬ್ಬ ಅಜ್ಜಿ, ಮಗಳ ಬಾಣಂತನಕ್ಕೆ ಬಂದವರು, ನನ್ನ ಕೈ ಹಿಡಿದು ಇನ್ನು ನಡುವೆ ಎಲ್ಲೂ ಇಳಿಯೋದು ಬೇಡವಂತೆ ಅಂದರು. ಪರದೇಶದ ನಡುದಾರಿಯ ವಿಮಾನ ನಿಲ್ದಾಣದಲ್ಲಿ ಭಾಷೆ ಬಾರದೆ, ಗೇಟು ಸಿಗದೆ, ಮೊಣಕಾಲು ನೋವಲ್ಲಿ ಓಡಿದವರಿಗೆ ಮಾತ್ರ ಗೊತ್ತು ಅದರ ಬೆಲೆ.

ಹಿರಿಯರು: ಅದು ಸರಿ. ನಾನೂ ಗಾಲಿಕುರ್ಚಿಯಲ್ಲೇ ಹೊರಗೆ ಬಂದೆ. ಕಾಲು ನೆಟ್ಟಗಿದೆ. ಆದರೂ ಅದನ್ನು ತಳ್ಳುವವ ಎಲ್ಲಿ ನಿಲ್ಲಬೇಕು, ಯಾರಿಗೆ ಕಾಗದ ತೋರಿಸಬೇಕು ಅಂತ ತಿಳಿದವ. ನನ್ನ ಹಾಗೆ ಸಾಲಾಗಿ ಎಂಟು ಹತ್ತು ಗಾಲಿಕುರ್ಚಿ, ಎಲ್ಲದರಲ್ಲೂ ಸೀರೆ, ಪಂಚೆ, ಮಂಕಿ ಟೋಪಿ. ನಡೆಯಲಾರದವರು ಇಬ್ಬರೋ ಮೂವರೋ. ಉಳಿದವರೆಲ್ಲ ಕೇಳಲಾರದವರು.

ಕಿರಿಯಳು: ನಿಲ್ದಾಣದ ಅಧಿಕಾರಿಗಳು ಎಷ್ಟು ದಿನ ಇರ್ತೀರಿ ಅಂತ ಕೇಳಿದರಾ?

ಹಿರಿಯರು: ಕೇಳಿದರು. ಯಾರ ಮನೆಗೆ, ಚೀಲದಲ್ಲಿ ಹಣ್ಣು ಇದೆಯಾ ಅಂತಲೂ ಕೇಳಿದರು. ಹಣ್ಣು ಇಲ್ಲ, ಅಪ್ಪೆಮಿಡಿ ಉಪ್ಪಿನಕಾಯಿ ಇದೆ, ಮುರುಗಲ ಸಿಪ್ಪೆ ಇದೆ ಅಂದೆ. ಅಧಿಕಾರಿಯೊಬ್ಬ ಮುರುಗಲ ಸಿಪ್ಪೆಯನ್ನು ಮೂಗಿಗೆ ಹಿಡಿದು ನೋಡಿ ವಾಪಸು ಕೊಟ್ಟ. ಆ ಹೊತ್ತಿಗೆ ಮಾತ್ರ, ನಿಜವಾಗಿ ಎಲ್ಲಿಗೋ ಬಂದೆ ಅನ್ನಿಸಿತು. ನಮ್ಮ ಹಿತ್ತಿಲಿನ ವಾಸನೆ ಅವನ ಮುಖದ ಮೇಲೆ ಹೊಸದಾಗಿ ಕಂಡಿತು.

ಕಿರಿಯಳು: ಹಾಗಾದರೆ ವಿಮಾನದಿಂದ ಇಳಿದೂ ಬಂದು ಸೇರಬಹುದು ಅಂತಾಯಿತು.

ಹಿರಿಯರು: ಒಂದು ಕ್ಷಣಕ್ಕೆ. ಆಮೇಲೆ ಮತ್ತೆ ಮಬ್ಬು. ಹಡಗಿನ ಕಾಲ ಹಾಗಿರಲಿಲ್ಲ. ನನ್ನ ಅಪ್ಪ ಆಗಬೋಟಿಯಲ್ಲಿ ಮುಂಬಯಿಗೆ ಹೋಗಿಬರ್ತಿದ್ದರು. ದೂರದ ಹಡಗುಗಳಲ್ಲಿ ದಿನಾ ರಾತ್ರಿ ಗಡಿಯಾರವನ್ನು ಅರ್ಧ ತಾಸೋ ಒಂದು ತಾಸೋ ಸರಿಸ್ತಿದ್ದರಂತೆ. ಹಡಗು ಎಷ್ಟು ಸರಿದಿದೆಯೋ ಗಡಿಯಾರವೂ ಅಷ್ಟೇ ಸರೀತಿತ್ತು, ನಿದ್ದೆಯೂ ಅಷ್ಟೇ. 1893ರಲ್ಲಿ ವಿವೇಕಾನಂದರು ಮೇ 31ಕ್ಕೆ ಮುಂಬಯಿ ಬಿಟ್ಟರು. ಕೊಲಂಬೊ, ಪೆನಾಂಗ್, ಸಿಂಗಪುರ, ಹಾಂಗ್‌ಕಾಂಗ್, ಜಪಾನ್ ನೋಡಿಕೊಂಡು ವ್ಯಾಂಕೂವರಿನಲ್ಲಿ ಇಳಿಯುವಾಗ ಜುಲೈ 25. ದಾರಿಯಲ್ಲೇ ಚೀನಾ, ಜಪಾನಿನ ಬಗ್ಗೆ ಕಾಗದ ಬರೆದರು. ಅಮೆರಿಕಕ್ಕೆ ಕಾಲಿಡುವಾಗ ಅವರ ಹತ್ತಿರ ಅರ್ಧ ಏಷ್ಯಾ ಇತ್ತು. ನನ್ನ ಹತ್ತಿರ ಏನಿತ್ತು? ಎರಡು ಸಲ ತಂದುಕೊಟ್ಟ ರುಚಿಯಿಲ್ಲದ ಉಪ್ಪಿಟ್ಟು.

ಕಿರಿಯಳು: ಉಪ್ಪಿಟ್ಟನ್ನು ದೂರಬೇಡಿ. ವಿಮಾನದೊಳಗಿನ ಗಾಳಿಯ ಒತ್ತಡವನ್ನು ಆರು ಸಾವಿರದಿಂದ ಎಂಟು ಸಾವಿರ ಅಡಿ ಎತ್ತರದ ಮಟ್ಟಕ್ಕೆ ಇಟ್ಟಿರ್ತಾರೆ. ಅಂದರೆ ಮುಳ್ಳಯ್ಯನಗಿರಿಯ ನೆತ್ತಿಯ ಮೇಲೆ ಹದಿನಾರು ತಾಸು ಕೂತ ಹಾಗೆ. ಅಲ್ಲಾದರೆ ಮಂಜು, ತೇವ ಇರ್ತದೆ. ವಿಮಾನದೊಳಗಿನ ಗಾಳಿ ಒಣಕಲು, ಮೂಗು ಬಾಯಿ ಒಣಗಿ ನಾಲಗೆಗೆ ಉಪ್ಪು, ಸಿಹಿ ಸರಿಯಾಗಿ ತಿಳಿಯೋದಿಲ್ಲ. ಪಾದ ಊದಿಕೊಳ್ಳೋದು ಕೂತೇ ಇರೋದರಿಂದ. ಇಷ್ಟೆಲ್ಲ ಆದರೂ ಹದಿನಾರು ತಾಸು. ಹಡಗಿನವರು ತಿಂಗಳುಗಟ್ಟಲೆ ಏನು ಪಾಡು ಪಟ್ಟರು ಅಂತ ನೀವು ಹೇಳ್ತಾ ಇಲ್ಲ. ಅವರನ್ನು ಇಳಿಸಿಕೊಂಡದ್ದು ಎಲ್ಲಿ ಅಂತ ನಾಳೆ ತೋರಿಸ್ತೇನೆ.

ಹಿರಿಯರು: ಎಲ್ಲಿ?

ಕಿರಿಯಳು: ಗೋಲ್ಡನ್ ಗೇಟ್‌ನ ಕೆಂಪು ಸೇತುವೆಯ ಆಚೆ, ಕೊಲ್ಲಿಯೊಳಗೆ ಏಂಜೆಲ್ ಐಲ್ಯಾಂಡ್ ಅಂತ ಒಂದು ದ್ವೀಪ. 1910ರಿಂದ 1940ರವರೆಗೆ ಪೆಸಿಫಿಕ್ ದಾಟಿ ಬಂದವರಲ್ಲಿ ಬಹಳ ಜನರನ್ನು ಅಲ್ಲಿ ಇಟ್ಟು ವಿಚಾರಿಸ್ತಿದ್ದರು. ಹೆಚ್ಚಿನವರು ಚೀನಾದವರು. ಅವರು ಬರೋದನ್ನೇ ತಡೆಯಲಿಕ್ಕೆ 1882ರಲ್ಲೇ ಕಾಯ್ದೆ ಮಾಡಿದ್ದರು. ಕೆಲವರನ್ನು ತಿಂಗಳುಗಟ್ಟಲೆ ಕೂಡಿಹಾಕಿದರು. ನಗರ ಅಷ್ಟು ಹತ್ತಿರ, ಕಾಲಿಡುವ ಹಾಗಿಲ್ಲ. ಅವರು ಮರದ ಗೋಡೆಯ ಮೇಲೆ ಚೀನೀ ಅಕ್ಷರದಲ್ಲಿ ಪದ್ಯ ಕೆತ್ತಿದ್ದಾರೆ. ಇವತ್ತಿಗೂ ಕಾಣ್ತದೆ. ಬೆರಳು ಇಟ್ಟರೆ ಸಿಗುವಷ್ಟು ಆಳ.

ಹಿರಿಯರು: ನಮ್ಮವರೂ ಇದ್ದರಾ?

ಕಿರಿಯಳು: ಇದ್ದರು. ಕಲಾ ಬಗಾಯಿ ಅಂತ ಒಬ್ಬರು 1915ರಲ್ಲಿ ಗಂಡ, ಮೂರು ಗಂಡುಮಕ್ಕಳ ಜೊತೆ ಪೇಶಾವರದಿಂದ ಬಂದರು. ಅವರನ್ನೂ ಅಲ್ಲಿ ತಡೆದು ಆಮೇಲೆ ಬಿಟ್ಟರು. ಬರ್ಕ್‌ಲಿಯಲ್ಲಿ ಮನೆ ಕೊಂಡರು, ಅಕ್ಕಪಕ್ಕದವರು ಒಳಗೆ ಕಾಲಿಡಗೊಡಲಿಲ್ಲ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಪ್ರಕರಣದಲ್ಲಿ ಇಲ್ಲಿಯ ಸುಪ್ರೀಂ ಕೋರ್ಟು ಭಾರತದವರು ಪೌರರಾಗುವ ಹಾಗಿಲ್ಲ ಅಂತ ತೀರ್ಪು ಕೊಟ್ಟಿತು. ಕಲಾ ಅವರ ಗಂಡನ ಪೌರತ್ವವನ್ನೂ ಕಿತ್ತುಕೊಂಡರು. 1928ರಲ್ಲಿ ಗಂಡ ಪ್ರಾಣ ತೆಗೆದುಕೊಂಡರು. ಆ ತಾಯಿ ಮಕ್ಕಳನ್ನು ಸಾಕಿ, ಬದುಕಿ ತೋರಿಸಿದರು. ಈಗ ಬರ್ಕ್‌ಲಿಯ ಒಂದು ರಸ್ತೆಗೆ ಅವರ ಹೆಸರಿದೆ. ಹೇಳಿ ದೊಡ್ಡಪ್ಪ, ಅವರು ನಿಧಾನವಾಗಿಯೇ ಬಂದರಲ್ಲ? ಪ್ರತಿ ಮೈಲಿಯ ಲೆಕ್ಕ ಇತ್ತಲ್ಲ? ಬಂದು ಸೇರಲಿಕ್ಕೆ ಅದು ಸಾಕಾಯಿತಾ?

ಹಿರಿಯರು ಸುಮ್ಮನಾದರು. ಮಂಜಿನೊಳಗಿಂದ, ಬಲಗಡೆ ದೂರದಲ್ಲಿ, ಎಮ್ಮೆ ಕೂಗಿದ ಹಾಗೆ ದಪ್ಪ ಸ್ವರವೊಂದು ಎದ್ದು ನಿಂತಿತು. ಗೋಲ್ಡನ್ ಗೇಟ್ ಸೇತುವೆಯಿಂದ ಹಡಗುಗಳಿಗೆ ದಾರಿ ಹೇಳುವ ಮಂಜಿನ ಕಹಳೆ.

ಹಿರಿಯರು: ಸಾಕಾಗಲಿಲ್ಲ. ಒಪ್ಪಿದೆ. ಬರೋದು ಒಬ್ಬರ ಕೆಲಸ ಅಲ್ಲ, ಬರಮಾಡಿಕೊಳ್ಳುವವರೂ ಬೇಕು. ಆದರೆ ನೀನು ಹೇಳಿದ್ದರಲ್ಲೇ ನನ್ನ ಮಾತೂ ಇದೆ. ಅವರು ದೂರ ಎಷ್ಟು ಅಂತ ತಿಳಿದೇ ಬಂದರು. ಅದಕ್ಕೇ ಹಿಂದಕ್ಕೆ ಕಳಿಸಿದರೆ ಏನು ಕಳೀತದೆ ಅಂತಲೂ ಗೊತ್ತಿತ್ತು. ಆ ಗೋಡೆಯ ಪದ್ಯ ಕೆತ್ತಿಸಿದ್ದು ಆ ತಿಳುವಳಿಕೆಯೇ. ಈಗಿನವರು ಬೆಳಿಗ್ಗೆ ಅಲ್ಲಿ, ರಾತ್ರಿ ಇಲ್ಲಿ. ಏನು ಬಿಟ್ಟು ಬಂದೆವು ಅಂತ ತಿಳಿಯುವ ಮೊದಲೇ ಇನ್ನೊಂದು ಊರಿನ ಕಿರಾಣಿ ಅಂಗಡಿಯಲ್ಲಿ ಹಾಲು ಹುಡುಕ್ತಾ ಇರ್ತಾರೆ.

ಕಿರಿಯಳು: ಹಾಲು ಬೇಕಲ್ಲ ದೊಡ್ಡಪ್ಪ. ಮಗು ಅಳ್ತದೆ.

ಹಿರಿಯರು: ಅದೂ ಹೌದು. ಈ ಸಮುದ್ರ ಯಾವಾಗ ಕಾಣ್ತದೆ? ನೀರು ಮುಟ್ಟಬೇಕು ನನಗೆ.

ಕಿರಿಯಳು: ಪಾದ ಮಾತ್ರ. ಒಳಗಿನ ಸೆಳೆತ ಕೆಟ್ಟದ್ದು, ಫಲಕ ಹಾಕಿದ್ದಾರೆ ನೋಡಿ. ನೀರು 12, 13 ಡಿಗ್ರಿ ಇರ್ತದೆ. ನಮ್ಮ ಕಡೆ ಮೇ ತಿಂಗಳಲ್ಲಿ 30ರ ಹತ್ತಿರ. ಮೊದಲ ಸಲ ಇಲ್ಲಿ ಕಾಲಿಟ್ಟಾಗ ನನಗೆ ಅವಮಾನ ಆದ ಹಾಗಾಯಿತು. ಸಮುದ್ರ ಅಂದರೆ ಗೊತ್ತು ಅಂದುಕೊಂಡಿದ್ದೆ.

ಹಿರಿಯರು: ತಣ್ಣಗಿರಲೇಬೇಕು. ಉತ್ತರದಿಂದ ಕ್ಯಾಲಿಫೋರ್ನಿಯಾ ಪ್ರವಾಹ ಇಳಿದುಬರ್ತದೆ. ಅದರ ಮೇಲೆ ಗಾಳಿ ದಡದ ಮೇಲ್ನೀರನ್ನು ಹೊರಕ್ಕೆ ದೂಡ್ತದೆ, ಆ ಜಾಗಕ್ಕೆ ತಳದ ತಣ್ಣೀರು ಏಳ್ತದೆ. ಪೆಸಿಫಿಕ್ ಮೇಲಿಂದ ಬರುವ ಒದ್ದೆ ಗಾಳಿ ಈ ತಣ್ಣೀರು ದಾಟುವಾಗ ಮಂಜಾಗ್ತದೆ. ಒಳನಾಡಿನ ಕಣಿವೆ ಬೇಸಗೆಯಲ್ಲಿ ಕಾದು ಗಾಳಿಯನ್ನು ಎಳೀತದೆ, ಮಂಜು ಅದರ ಹಿಂದೆ ಈ ಸೇತುವೆಯ ಸಂದಿಯಿಂದ ನುಗ್ಗುತ್ತದೆ. ಪಾಠ ಮಾಡಿದ್ದೇನೆ. ತಾಳು... ಇದು ನಮ್ಮ ಮಳೆಯ ಕಥೆಯೇ ಅಲ್ಲವಾ?

ಕಿರಿಯಳು: ಹೇಗೆ?

ಹಿರಿಯರು: ಅಲ್ಲಿಯೂ ಜೂನ್, ಇಲ್ಲಿಯೂ ಜೂನ್. ಅಲ್ಲಿಯೂ ಒಳನಾಡು ಕಾಯ್ತದೆ, ಸಮುದ್ರದ ಗಾಳಿಯನ್ನು ಎಳೀತದೆ. ಅರಬ್ಬೀ ಸಮುದ್ರ ಬೆಚ್ಚಗಿನದು, ಗಾಳಿ ಹೊರೆ ಹೊರೆ ನೀರು ಹೊತ್ತು ಬಂದು ಸಹ್ಯಾದ್ರಿಗೆ ಬಡಿದು ಮಳೆ ಸುರಿಸ್ತದೆ. ಇಲ್ಲಿಯ ಸಮುದ್ರ ತಣ್ಣಗಿನದು, ಮೇಲಕ್ಕೆ ಏಳುವ ಬಲ ಗಾಳಿಗೆ ಇಲ್ಲ, ಮಂಜಾಗಿಯೇ ತೆವಳ್ತದೆ. ಕುಮಟಾಕ್ಕೂ ಪಶ್ಚಿಮಕ್ಕೆ ಸಮುದ್ರ, ಇಲ್ಲಿಗೂ ಪಶ್ಚಿಮಕ್ಕೆ ಸಮುದ್ರ. ಅಲ್ಲಿಯೂ ಈ ತಿಂಗಳು ಸೂರ್ಯ ಕಾಣೋದಿಲ್ಲ. ಮೂರು ದಿನದಿಂದ ಬೂದು ಆಕಾಶ ನೋಡಿ ಎದೆ ಭಾರವಾಗಿತ್ತು ನನಗೆ. ಇದು ನಮ್ಮ ಮಳೆಗಾಲದ ದಾಯಾದಿ ಅಂತ ಈಗ ತಿಳೀತು.

ಕಿರಿಯಳು: ಹದಿನಾಲ್ಕು ವರ್ಷದಲ್ಲಿ ನನಗೆ ಇದು ಹೊಳೀಲಿಲ್ಲ. ಈ ಮಂಜನ್ನು ಎಷ್ಟು ಬೈದಿದ್ದೇನೆ ನಾನು. ಇಲ್ಲಿಯ ರೆಡ್‌ವುಡ್ ಮರಗಳು ಮಳೆಯಿಲ್ಲದ ಬೇಸಗೆಯಲ್ಲಿ ಈ ಮಂಜನ್ನೇ ಕುಡಿದು ಬದುಕ್ತವೆ ಅಂತ ಮಗಳು ಶಾಲೆಯಲ್ಲಿ ಕಲಿತು ಬಂದಳು. ಎಲೆಗೆ ಹತ್ತಿದ ಹನಿ ಬುಡಕ್ಕೆ ತೊಟ್ಟಿಕ್ಕುತ್ತದಂತೆ. ಆಗಲೂ ಹೊಳೀಲಿಲ್ಲ.

ಹಿರಿಯರು: ನೋಡು, ಇದು ಹೊಳೆದದ್ದು ಎಲ್ಲಿಂದ? ನನ್ನ ಮೈ ಇನ್ನೂ ಅಲ್ಲಿಯ ಮಳೆಯಲ್ಲಿ ಇದೆ ಅಂತಲೇ. ಅಲ್ಲಿಯ ಹೊತ್ತನ್ನು ಮೊದಲ ದಿನವೇ ಒರೆಸಿ ಹಾಕಿದ್ದರೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡೋದು ಸಾಧ್ಯ ಇತ್ತಾ? ಹುಟ್ಟಿದ ಮಗುವಿಗೆ ಹೆಸರಿಡಲಿಕ್ಕೂ ಹನ್ನೊಂದು, ಹನ್ನೆರಡು ದಿನ ಕಾಯ್ತೇವೆ. ಸತ್ತವರು ಹೋಗಿ ಮುಟ್ಟಲಿಕ್ಕೂ ಅಷ್ಟೇ ದಿನ ಕೊಡ್ತೇವೆ. ಲೋಕಕ್ಕೆ ಬರುವವರಿಗೆ, ಲೋಕದಿಂದ ಹೋಗುವವರಿಗೆ ಹೊತ್ತು ಬೇಕು ಅಂತ ಹಿರಿಯರು ತಿಳಿದಿದ್ದರು. ಇಷ್ಟು ದೂರ ಹಾರಿ ಬಂದವನಿಗೂ ಹನ್ನೆರಡು ದಿನ ಕೊಡು ಅನ್ನೋದು ನನ್ನ ಮಾತು.

ಕಿರಿಯಳು: ಲೆಕ್ಕ ಸರಿಯಾಗಿದೆ. ದೇಹದ ಗಡಿಯಾರ ದಿನಕ್ಕೆ ಸುಮಾರು ಒಂದು ತಾಸು ಸರೀತದೆ. ಇಲ್ಲಿಗೂ ಊರಿಗೂ ಈ ತಿಂಗಳಲ್ಲಿ ಹನ್ನೆರಡೂವರೆ ತಾಸು. ಹನ್ನೆರಡು ದಿನವೇ. ಅದೂ ಎಲ್ಲ ಒಟ್ಟಿಗೆ ಬರೋದಿಲ್ಲ. ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ, ಮೆದುಳಿನೊಳಗೆ, ನರಕೋಶಗಳ ಒಂದು ಪುಟ್ಟ ಗಂಟು ಇದೆ. ಅದು ಬೆಳಕು ನೋಡಿ ಹೊತ್ತು ತಿಳೀತದೆ. ಯಕೃತ್ತು, ಕರುಳು, ಎಲ್ಲಕ್ಕೂ ಸ್ವಂತ ಗಡಿಯಾರ ಉಂಟು, ಅವು ಊಟದ ಹೊತ್ತನ್ನೂ ನೋಡ್ತವೆ. ಕಣ್ಣು ಒಂದು ದಿನ ಊರು ಮುಟ್ಟಿದರೆ ಹೊಟ್ಟೆ ಇನ್ನೊಂದು ದಿನ ಮುಟ್ಟುತ್ತದೆ. ಹಣ್ಣುನೊಣದ ಮೇಲೆ ಕೆಲಸ ಮಾಡಿ ಈ ಗಡಿಯಾರದ ಒಳಗುಟ್ಟು ಬಿಡಿಸಿದ ಹಾಲ್, ರಾಸ್‌ಬ್ಯಾಶ್, ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು.

ಹಿರಿಯರು: ನೋಡಿದೆಯಾ! ನಾನು ಬಾಯಿಮಾತಿನಲ್ಲಿ ಹೇಳಿದ್ದನ್ನೇ ನಿನ್ನ ವಿಜ್ಞಾನವೂ ಹೇಳ್ತದೆ. ನಾನು ಕಂತಿನಲ್ಲಿ ಬರ್ತಾ ಇದ್ದೇನೆ.

ಕಿರಿಯಳು: ಹೇಳ್ತದೆ. ಅದಕ್ಕೇ ನನಗೆ ಅದರ ಮೇಲೆ ಸಿಟ್ಟು. ನಿಮ್ಮ ಹತ್ತಿರ ಆರು ತಿಂಗಳಿದೆ ದೊಡ್ಡಪ್ಪ, ಕಾಯಬಹುದು. ನನ್ನ ಹತ್ತಿರ ಯಾವತ್ತೂ ಎರಡು ವಾರವೇ ಇದ್ದದ್ದು. ಅಪ್ಪ ಹೋದಾಗಲೂ.

ಹಿರಿಯರು ಫ್ಲಾಸ್ಕಿನ ಮುಚ್ಚಳವನ್ನು ಕೆಳಗಿಟ್ಟರು.

ಕಿರಿಯಳು: ಫೋನು ಬಂದಾಗ ಇಲ್ಲಿ ನಡುರಾತ್ರಿ, ಲ್ಯಾಬಿನಲ್ಲಿದ್ದೆ. ಟಿಕೆಟು, ವಿಮಾನ, ಬೆಂಗಳೂರಿನಿಂದ ಕಾರು. ಮನೆ ಮುಟ್ಟಿದಾಗ ಮೂರನೆಯ ದಿನ. ಅಪ್ಪನನ್ನು ಅಷ್ಟು ಹೊತ್ತು ಇಡಲಿಕ್ಕಾಗೋದಿಲ್ಲ, ಗೊತ್ತಿತ್ತು. ಒಳಗೆ ಹೋಗಿ ಗೋಡೆಗೆ ಒರಗಿ ಕೂತೆ. ಆಮೇಲೆ ಯಾರು ಬಂದರು, ಏನು ಹೇಳಿದರು, ಒಂದೂ ನೆಟ್ಟಗೆ ನೆನಪಿಲ್ಲ. ಹಗಲೆಲ್ಲ ನಿದ್ದೆ ಒತ್ತಿ ಬರ್ತಿತ್ತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಕಣ್ಣು ಬಿಟ್ಟುಕೊಂಡು ಅಮ್ಮನ ಉಸಿರು ಕೇಳ್ತಾ ಇರ್ತಿದ್ದೆ. ನಿದ್ದೆ ಸರಿಯಾಗಿ ಬಂದದ್ದು ಹದಿಮೂರನೆಯ ದಿನದ ಊಟ ಮುಗಿದ ರಾತ್ರಿ. ಮಾರನೆಯ ದಿನ ನನ್ನ ವಿಮಾನ.

ಹಿರಿಯರು: ಒಂದು ಮಾತು ಹೇಳ್ತೇನೆ, ಬೇಸರ ಮಾಡಬೇಡ. ಆ ದಿನಗಳಲ್ಲಿ ಬಂದವರು ಅಂದರು, ಮಗಳು ಅಷ್ಟು ದೂರದಿಂದ ಬಂದಳು, ಒಂದು ಹನಿ ಕಣ್ಣೀರು ಹಾಕಲಿಲ್ಲ, ಕೂತಲ್ಲೇ ತೂಕಡಿಸ್ತಾಳೆ ಅಂತ. ನಾನು ಅವರ ಬಾಯಿ ಮುಚ್ಚಿಸಲಿಲ್ಲ. ನಾನೂ ಹಾಗೇ ಅಂದುಕೊಂಡಿದ್ದೆ ತಂಗಿ. ಇವಳು ಬೇರೆ ದೇಶದವಳಾಗಿಬಿಟ್ಟಳು ಅಂತ. ಮೂರು ರಾತ್ರಿಯಿಂದ ಎರಡು ಗಂಟೆಗೆ ಎದ್ದು ಕೂತು ಅದನ್ನೇ ಯೋಚಿಸ್ತಾ ಇದ್ದೇನೆ. ನಿನ್ನೆ ಸಂಜೆ ನಿನ್ನ ಮಗಳು ನನಗೆ ಹಾಡು ಹೇಳ್ತಾ ಇದ್ದಳು. ನಾನು ತೂಕಡಿಸಿದೆ. ಅವಳ ಮುಖ ಸಪ್ಪಗಾದದ್ದು ಕಂಡಿತು, ಆದರೂ ಕಣ್ಣು ತೆರೆಯಲಿಕ್ಕಾಗಲಿಲ್ಲ. ಆಗ ತಿಳೀತು ನಿನಗೆ ಏನಾಗಿತ್ತು ಅಂತ.

ಕಿರಿಯಳು: ಅತ್ತೆ ದೊಡ್ಡಪ್ಪ. ಇಲ್ಲಿಗೆ ಬಂದು ಮೂರು ವಾರವಾದ ಮೇಲೆ. ಒಗೆದ ಬಟ್ಟೆ ಮಡಚ್ತಾ ಇದ್ದೆ. ಅವುಗಳ ನಡುವೆ ಅಪ್ಪನ ಒಂದು ಪಂಚೆ ಸೇರಿಕೊಂಡಿತ್ತು. ಮಕ್ಕಳು ಶಾಲೆಯಲ್ಲಿ, ಇವರು ಆಫೀಸಿನಲ್ಲಿ. ಆಗ ಬಂತು. ಬರಬೇಕಾದ ಜಾಗದಲ್ಲಿ, ಅಮ್ಮ ಪಕ್ಕದಲ್ಲಿ ಇದ್ದಾಗ ಬರಲಿಲ್ಲ. ಆವತ್ತಿನಿಂದ ನನಗೊಂದು ನಿಯಮ. ಎಲ್ಲಿ ಇಳಿದೆನೋ ಆ ಕ್ಷಣದಿಂದ ಆ ಊರಿನವಳಾಗಬೇಕು. ವಿಮಾನ ಏರಿದ ಕೂಡಲೇ ಗಡಿಯಾರ ಬದಲಿಸ್ತೇನೆ. ದೇಹ ಕಂತಿನಲ್ಲಿ ಬರ್ತದೆ ಅಂತ ಗೊತ್ತು. ಅದನ್ನು ಕಾದರೆ ಕಾಣಬೇಕಾದವರು ತಪ್ಪಿಹೋಗ್ತಾರೆ. ನಿಮ್ಮನ್ನು ಮಲಗಗೊಡದೆ ಪಾರ್ಕಿನಲ್ಲಿ ನಡೆಸ್ತಾ ಇರೋದು ಅದಕ್ಕೇ. ನನ್ನ ಮಗಳಿಗೆ ಎಂಟು ವರ್ಷ. ಅಜ್ಜ ಎಚ್ಚರ ಇರಬೇಕು ಅಂತ ಅವಳಿಗೆ ಆಸೆ.

ಹಿರಿಯರು: ಇದನ್ನು ಮೊದಲೇ ಹೇಳಿದ್ದರೆ ನಾನು ನಿಂತುಕೊಂಡೇ ಇರ್ತಿದ್ದೆ.

ಕಿರಿಯಳು: ನೀವು ದಿನಾಂಕ ರೇಖೆಯ ವಿಷಯ ಈಗಷ್ಟೇ ಹೇಳಿದಿರಲ್ಲ.

ಇಬ್ಬರೂ ಎದ್ದು ಮರಳಿಗಿಳಿದರು. ಮಂಜು ಸ್ವಲ್ಪ ಮೇಲೆದ್ದು ಅಲೆಯ ಬಿಳಿ ಅಂಚು ಕಾಣತೊಡಗಿತ್ತು. ಹಿರಿಯರು ಪ್ಯಾಂಟನ್ನು ಮೊಣಕಾಲಿನತನಕ ಮಡಚಿ ಪಾದ ನೀರಿಗೆ ಇಟ್ಟವರು, ಉಸಿರು ಹಿಡಿದು, ಹಾಗೇ ನಿಂತರು. ತೆಗೆಯಲಿಲ್ಲ.

ಹಿರಿಯರು: ಕೇಳು, ನಾನೊಂದು ಗಮನಿಸಿದೆ. ತಪ್ಪಿದ್ದರೆ ಹೇಳು. ರಾತ್ರಿ ಎರಡು ಗಂಟೆಗೆ ನಾನು ಎದ್ದಾಗ ಅಡುಗೆಮನೆಯಲ್ಲಿ ದೀಪ ಇತ್ತು. ನೀನು ಚಹಾ ಕುಡೀತಾ ಕೂತಿದ್ದೆ. ನನಗೋಸ್ಕರ ಎದ್ದದ್ದಲ್ಲ, ನೀನು ಮಲಗಿಯೇ ಇರಲಿಲ್ಲ.

ಕಿರಿಯಳು: ಪಾಳಿಯ ರೂಢಿ. ರಜೆಯಲ್ಲೂ ಬಿಡೋದಿಲ್ಲ.

ಹಿರಿಯರು: ಎಷ್ಟು ವರ್ಷ ಆಯಿತು ರಾತ್ರಿ ಪಾಳಿ?

ಕಿರಿಯಳು: ಒಂಬತ್ತು. ಸಂಬಳ ಸ್ವಲ್ಪ ಹೆಚ್ಚು. ಬೆಳಿಗ್ಗೆ ಬಂದು ಮಕ್ಕಳನ್ನು ಶಾಲೆಗೆ ಬಿಡಬಹುದು. ಬಿಡುವಿನಲ್ಲಿ ಮೂರು ಗಂಟೆಗೆ ಅಮ್ಮನಿಗೆ ಫೋನು ಮಾಡ್ತೇನೆ. ಅಲ್ಲಿ ಮೂರೂವರೆ. ಅಮ್ಮ ಆಗಷ್ಟೇ ಚಹಾಕ್ಕೆ ನೀರು ಇಟ್ಟಿರ್ತಾಳೆ. ಪಾತ್ರೆಯ ಸದ್ದು ಕೇಳ್ತದೆ.

ಹಿರಿಯರು: ಹಾಗಾದರೆ ಲೆಕ್ಕ ಹಾಕು. ಇಲ್ಲಿಯ ರಾತ್ರಿ ಅಂದರೆ ಕುಮಟಾದ ಹಗಲು. ಒಂಬತ್ತು ವರ್ಷದಿಂದ ನೀನು ಎಚ್ಚರ ಇರೋದು ಕುಮಟಾದ ಹಗಲಿನಲ್ಲಿ, ಮಲಗೋದು ಕುಮಟಾದ ರಾತ್ರಿಯಲ್ಲಿ. ಇಳಿದ ಊರಿನವಳಾಗಬೇಕು ಅನ್ನುವವಳು ಊರಿನ ಹೊತ್ತು ಬಿಟ್ಟೇ ಇಲ್ಲ.

ಅವಳು ಬಹಳ ಹೊತ್ತು ಮಾತಾಡಲಿಲ್ಲ. ಅಲೆ ಮೂರು ಸಲ ಬಂದು ಹೋಯಿತು.

ಕಿರಿಯಳು: ಹಾಗೆ ಯೋಚಿಸಿರಲಿಲ್ಲ. ಬೇಕು ಅಂತ ಮಾಡಿದ್ದಲ್ಲ ದೊಡ್ಡಪ್ಪ.

ಹಿರಿಯರು: ಬೇಕು ಅಂತ ಮಾಡಿದೆ ಅಂತ ನಾನೂ ಹೇಳಲಿಲ್ಲ. ತಪ್ಪು ಅಂತಲೂ ಹೇಳಲಿಲ್ಲ. ಆದರೆ ನೀನು ನನಗೆ ನಾಲ್ಕು ದಿನದ ಗಡುವು ಕೊಡ್ತಾ ಇದ್ದೀಯಲ್ಲ, ಅದಕ್ಕೆ ಹೇಳಿದೆ.

ಕಿರಿಯಳು: ಹಾಗಂತ ನಾನು ಇಲ್ಲಿಯವಳಲ್ಲ ಅಂತಲೂ ಅಲ್ಲ. ಈ ಊರಿನ ಎಷ್ಟೋ ಜನರ ರಕ್ತ ನನ್ನ ಕೈಯಲ್ಲಿ ಪರೀಕ್ಷೆಯಾಗ್ತದೆ. ನಡುರಾತ್ರಿ ಆಂಬ್ಯುಲೆನ್ಸಿನಲ್ಲಿ ಬಂದವರಿಗೆ ಯಾವ ಗುಂಪಿನ ರಕ್ತ ಹೊಂದ್ತದೆ ಅಂತ ನೋಡಿ ಹೇಳುವವಳು ನಾನು. ಅವರು ಬೆಳಿಗ್ಗೆ ಕಣ್ಣು ಬಿಟ್ಟರೆ ಅದು ಈ ಊರಿನ ಬೆಳಿಗ್ಗೆಯೇ. ನನ್ನ ದೇಹ ಯಾವ ಊರಿನ ಹಗಲಿನಲ್ಲಾದರೂ ಇರಲಿ, ಕೆಲಸ ಇಲ್ಲಿ ಸಂದಿದೆ. ಬಂದು ಸೇರೋದು ಅಂದರೆ ನಿದ್ದೆಯೊಂದೇ ಅಲ್ಲ. ಯಾರಿಗೆ ಒದಗಿದೆವು ಅನ್ನೋದೂ ಹೌದು.

ಹಿರಿಯರು: ಆ ಮಾತು ದೊಡ್ಡದು. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಾನು ಇಲ್ಲಿ ಯಾರಿಗೆ ಒದಗ್ತೇನೆ?

ಕಿರಿಯಳು: ಹಾಡು ಕೇಳಲಿಕ್ಕೆ. ಸಂಜೆ ಏಳು ಗಂಟೆಗೆ. ಅಷ್ಟು ಮಾಡಿದರೆ ಸಾಕು. ಉಳಿದ ಹೊತ್ತು ನೀವು ಕುಮಟಾದಲ್ಲೇ ಇರಿ, ಎಬ್ಬಿಸೋದಿಲ್ಲ.

ಹಿರಿಯರು: ಏಳು ಗಂಟೆಗೆ ಎಚ್ಚರ ಇರ್ತೇನೆ. ಮಾತು ಕೊಟ್ಟೆ. ಮಲಗೋದು ಮಾತ್ರ ನಿದ್ದೆ ಬಂದಾಗ.

ಕಿರಿಯಳು: ಮಧ್ಯಾಹ್ನ ಒಂದು ತಾಸಿಗಿಂತ ಹೆಚ್ಚು ಬೇಡ.

ಹಿರಿಯರು: ಎರಡು.

ಕಿರಿಯಳು: ಆ ಗಡಿಯಾರವನ್ನಾದರೂ ಬದಲಿಸಿ. ಮೂರು ದಿನದಿಂದ ನೋಡ್ತಾ ಇದ್ದೇನೆ. ಕೀಲಿ ಕೊಡ್ತೀರಿ, ಹೊತ್ತು ಸರಿಸೋದಿಲ್ಲ.

ಹಿರಿಯರು ಮುಂಗೈಯನ್ನು ಅವಳ ಮುಂದೆ ಹಿಡಿದರು. ಹಳೆಯ ಎಚ್‌ಎಂಟಿ ಗಡಿಯಾರ, ಗಾಜಿನ ಮೇಲೆ ಗೀರುಗಳು. ಮುಳ್ಳುಗಳು ಆರೂಮುಕ್ಕಾಲು ತೋರಿಸುತ್ತಿದ್ದವು. ಅವಳ ಫೋನಿನಲ್ಲಿ ಆರೂಕಾಲು.

ಹಿರಿಯರು: ನೋಡು. ಹನ್ನೆರಡೂವರೆ ತಾಸಿನಲ್ಲಿ ಹನ್ನೆರಡನ್ನು ಮುಳ್ಳಿನ ಗಡಿಯಾರ ಲೆಕ್ಕಕ್ಕೇ ಹಿಡಿಯೋದಿಲ್ಲ. ಅಲ್ಲಿಯ ಸಂಜೆಯನ್ನೂ ಇಲ್ಲಿಯ ಬೆಳಗನ್ನೂ ಒಂದೇ ಜಾಗದಲ್ಲಿ ತೋರಿಸ್ತದೆ. ಉಳಿಯೋದು ಅರ್ಧ ತಾಸು ಮಾತ್ರ.

ಕಿರಿಯಳು: ಅಷ್ಟೇ ಅಲ್ಲವಾ, ಸರಿಸಿಬಿಡಿ ಹಾಗಾದರೆ.

ಹಿರಿಯರು: ಅಷ್ಟೇ ಅಲ್ಲವಾ, ಇರಲಿ ಬಿಡು. ನಿನ್ನ ಮಗಳು ಏಳು ಗಂಟೆಗೆ ಕರೆದರೆ ನನ್ನ ಗಡಿಯಾರದಲ್ಲಿ ಏಳೂವರೆ ಆಗಿರ್ತದೆ. ತಡವಾಯಿತು ಅಂತ ಓಡಿಬರ್ತೇನೆ.

ಅವಳು ನಕ್ಕಳು. ಬೆನ್ನ ಹಿಂದೆ, ಮನೆಗಳ ಸಾಲಿನ ಆಚೆ, ಮಂಜಿನೊಳಗೆ ಎಲ್ಲಿಯೋ ಸೂರ್ಯ ಎದ್ದಾಗಿತ್ತು. ಕಾಣಲಿಲ್ಲ, ಬೂದು ಬಣ್ಣ ಸ್ವಲ್ಪ ತಿಳಿಯಾಯಿತು. ಕುಮಟಾದಲ್ಲಿಯೂ ಬೆಳಗು ಹೀಗೆ ಬೆನ್ನ ಹಿಂದಿನಿಂದ, ಘಟ್ಟದ ಕಡೆಯಿಂದಲೇ ಬರುತ್ತದೆ. ಹಿರಿಯರು ಅದನ್ನು ಹೇಳಹೊರಟವರು ಸುಮ್ಮನಾಗಿ ತಣ್ಣೀರಿನಲ್ಲಿ ಇನ್ನೊಂದು ಹೆಜ್ಜೆ ಮುಂದೆ ಇಟ್ಟರು. ಅವಳು ಅವರ ತೋಳನ್ನು ಹಿಡಿದುಕೊಂಡಳು.